ನಿಮ್ಮ ವಿನಂತಿ ನಡೆಯುತ್ತಿದೆ

ಶೀತನಿದ್ರೆ ಬಂದ ಮೇಲೆ ಸಾವು ಮುಂದಕ್ಕೆ ಹೋಯಿತೇ ಹೊರತು ಕಾಯುವುದು ಯಾರಿಗೂ ತಪ್ಪಲಿಲ್ಲ.

ಯಕೃತ್ತೋ ಮೂತ್ರಪಿಂಡವೋ ಕೈಕೊಟ್ಟವರನ್ನು ಹುಬ್ಬಳ್ಳಿಯ ಹೊರವಲಯದ ನಿದ್ರಾಲಯಕ್ಕೆ ತಂದು, ರಕ್ತವನ್ನು ನಿಧಾನವಾಗಿ ತಂಪಾಗಿಸಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಅವರು ಮಲಗಿರುವಾಗ ಪಕ್ಕದ ಕಟ್ಟಡದಲ್ಲಿ ಅವರದೇ ಜೀವಕೋಶಗಳಿಂದ ಹೊಸ ಅಂಗ ಬೆಳೆಯುತ್ತಿತ್ತು. ಅದು ಸಿದ್ಧವಾದ ದಿನ ಮನೆಯವರಿಗೆ ಸುದ್ದಿ ಹೋಗುತ್ತಿತ್ತು. ಮನೆಯ ಗೋಡೆಗೆ ಹಾಕಿಕೊಟ್ಟ ಸಣ್ಣ ಫಲಕದ ಮೇಲೆ ‘ಎಬ್ಬಿಸಿರಿ’ ಎಂಬ ಗುಂಡಿ ಮೂಡುತ್ತಿತ್ತು. ಮನೆಯವರು ಅದನ್ನು ಒತ್ತಿದರೆ ವಿನಂತಿ ಹುಬ್ಬಳ್ಳಿಗೆ ಬಂದು, ಅಲ್ಲಿನ ಯಂತ್ರವು ವೈದ್ಯರು, ರಕ್ತ, ಶಸ್ತ್ರಕ್ರಿಯೆಯ ಕೊಠಡಿ ಎಲ್ಲವನ್ನೂ ಒಂದೇ ದಿನಕ್ಕೆ ಹೊಂದಿಸುತ್ತಿತ್ತು. ಹಾಗೆ ಹೊಂದಿಸಲು ವಾರಗಳೇ ಹಿಡಿಯುತ್ತಿದ್ದವು. ಮನೆಯವರು ಕೇಳದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಕಾನೂನು ಹೇಳುತ್ತಿತ್ತು. ಇತ್ತ ಬೆಳೆದ ಅಂಗ ಒಂದು ಋತುವಿಗಿಂತ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಮೊದಮೊದಲು ತೊಂದರೆಯಾದದ್ದು ಆ ಗುಂಡಿಯಿಂದಲೇ. ಒತ್ತಿದ ಮೇಲೆ ಫಲಕದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಕೇಳಿಸಿತೋ ಇಲ್ಲವೋ ತಿಳಿಯದೆ ಜನ ಮತ್ತೆ ಒತ್ತುತ್ತಿದ್ದರು. ಪ್ರತಿ ಸಲವೂ ಯಂತ್ರ ಅದನ್ನು ಹೊಸ ವಿನಂತಿಯೆಂದು ತಿಳಿದು, ಹಳೆಯದನ್ನು ರದ್ದು ಮಾಡಿ, ಸರದಿಯ ಕೊನೆಗೆ ಹಾಕುತ್ತಿತ್ತು. ಇಳಕಲ್ಲಿನ ಒಬ್ಬ ಹೆಣ್ಣುಮಗಳು ಗಂಡನಿಗಾಗಿ ಬೆಳಗಿನಿಂದ ಸಂಜೆಯವರೆಗೆ ಒತ್ತುತ್ತಲೇ ಕುಳಿತಿದ್ದಳು. ಒತ್ತಿದಷ್ಟೂ ಅವನ ಸರದಿ ಹಿಂದಕ್ಕೆ ಹೋಯಿತು.

ನಿದ್ರಾಲಯದ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಸುಧೀಂದ್ರ ಗಲಗಲಿ. ಫಲಕಗಳ ಮೇಲೆ ಏನು ಕಾಣಬೇಕು ಎಂಬುದನ್ನು ರೂಪಿಸುವ ಎಂಜಿನಿಯರು ಮುಕ್ತಾ ಹಂಚಿನಮನಿ. ಗಲಗಲಿ ಅವಳನ್ನು ಕರೆಸಿ ಹೇಳಿದರು.

“ಮಂದಿ ಬೆರಳು ತಡೀಬೇಕು ನೋಡ್ರಿ. ಒತ್ತಿದ್ದು ಮುಟ್ಟ್ಯದ ಅಂತ ಅವರಿಗೆ ಅನಸಬೇಕು. ಅಷ್ಟ.”

ಮುಕ್ತಾ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದಳು. ಒತ್ತಿದ ಗುಂಡಿ ಬೂದಿಬಣ್ಣಕ್ಕೆ ತಿರುಗಿ ಮತ್ತೆ ಒತ್ತಲು ಬಾರದಂತಾಗುತ್ತಿತ್ತು. ಅದರ ಜಾಗದಲ್ಲಿ ಒಂದು ದುಂಡನೆಯ ತಿಳಿಹಳದಿ ಬೆಳಕು ಹಿಗ್ಗುತ್ತ ಕುಗ್ಗುತ್ತ ಇರುತ್ತಿತ್ತು. ಹಲವು ಗತಿಗಳನ್ನು ಜನರಿಗೆ ತೋರಿಸಿ ನೋಡಿದ ಮೇಲೆ, ಮಲಗಿದ ಮನುಷ್ಯನ ಉಸಿರಿನ ಗತಿ ಎಲ್ಲರಿಗೂ ಸಮಾಧಾನ ಕೊಡುತ್ತದೆ ಎಂದು ಅವಳಿಗೆ ಕಂಡಿತು. ಅದನ್ನೇ ಇಟ್ಟಳು. ಬೆಳಕಿನ ಕೆಳಗೆ ‘ನಿಮ್ಮ ವಿನಂತಿ ನಡೆಯುತ್ತಿದೆ’ ಎಂದು ಬರೆದಳು. ಕೆಲವು ದಿನಗಳಿಗೊಮ್ಮೆ ಆ ಸಾಲು ಬದಲಾಗಿ ‘ವೈದ್ಯರನ್ನು ಹೊಂದಿಸಲಾಗುತ್ತಿದೆ’ ಎಂದೋ ‘ನಿಮ್ಮ ತಾಳ್ಮೆ ನಮಗೆ ದೊಡ್ಡದು’ ಎಂದೋ ಬರುತ್ತಿತ್ತು.

ವಿನಂತಿ ತಲುಪಿತೆಂದು ಯಂತ್ರದಿಂದ ಮರುಸಂಕೇತ ಬಂದ ಮೇಲೆಯೇ ಬೆಳಕು ಹತ್ತಬೇಕು ಎಂಬುದು ಅವಳ ಮೊದಲ ಯೋಚನೆಯಾಗಿತ್ತು. ಆದರೆ ಆ ಸಂಕೇತ ಬರಲು ಒಮ್ಮೊಮ್ಮೆ ತಾಸು ಹಿಡಿಯುತ್ತಿತ್ತು. ಅಷ್ಟು ಹೊತ್ತು ಜನ ತಡೆಯುವುದಿಲ್ಲ ಎಂದರು ಗಲಗಲಿ.

“ಒತ್ತಿದ ಕ್ಷಣಾನ ಹತ್ತಲಿ. ಒಳಗ ಏನ್ ನಡದದ ಅನ್ನೂದು ಅವರಿಗೆ ಯಾತಕ್ಕ? ಏನೋ ನಡದದ ಅಂತ ಗೊತ್ತಾದರ ಸಾಕು.”

“ಮುಟ್ಟದ ಇದ್ದರ ಸರ್?”

“ಮುಟ್ಟದ ಎಲ್ಲಿ ಹೋಗ್ತದ?”

ಮುಕ್ತಾ ಹಾಗೆಯೇ ಮಾಡಿದಳು. ಬೆಳಕು ಫಲಕದೊಳಗೇ ಹುಟ್ಟಿ ಫಲಕದೊಳಗೇ ಉಸಿರಾಡತೊಡಗಿತು.

ಜನ ಮತ್ತೆ ಒತ್ತುವುದು ನಿಂತಿತು. ಫೋನು ಮಾಡುವುದೂ ನಿಂತಿತು. ಕೇಳಲು ಯಾರೂ ಬರುವುದಿಲ್ಲವೆಂದು ನಿದ್ರಾಲಯದ ವಿಚಾರಣೆ ಕೊಠಡಿಯನ್ನು ಮುಚ್ಚಿ, ಅಲ್ಲಿ ಹೊಸ ಫಲಕಗಳ ಪೆಟ್ಟಿಗೆಗಳನ್ನು ಪೇರಿಸಿದರು. ಬೇರೆ ಇಲಾಖೆಗಳು ಬಂದು ನೋಡಿ ಹೋದವು. ಪಿಂಚಣಿ, ಜಮೀನಿನ ಹದ್ದುಬಸ್ತು, ಕೋರ್ಟಿನ ತಾರೀಖು, ವರ್ಗಾವಣೆ, ಎಲ್ಲಕ್ಕೂ ಅದೇ ಹಳದಿ ಬೆಳಕು ಬಂತು. ಕಚೇರಿಗಳ ಮುಂದಿನ ಸಾಲುಗಳು ಕರಗಿದವು. ಜನ ಮನೆಯಲ್ಲಿ ಕುಳಿತು ಬೆಳಕು ನೋಡುವುದನ್ನು ಕಲಿತರು.

*

ಗದಗಿನ ಪಕ್ಕದ ಬೆಟಗೇರಿಯಲ್ಲಿ ದಾವಲಸಾಬ ನದಾಫ ಹತ್ತಿ ತುಂಬಿದ ಗಾದಿ ಹೊಲಿಯುತ್ತಿದ್ದ. ಹೊಲಿಯುವುದು ಅವನು, ಮಾರುವುದು ಹೆಂಡತಿ ಮಾಬೂಬಿ. ಗಿರಾಕಿಗಳೊಡನೆ ಜಗಳಾಡಿ, ನಗಿಸಿ, ಕೊನೆಗೆ ತಾನು ಅಂದ ದರಕ್ಕೇ ತಂದು ನಿಲ್ಲಿಸುವುದು ಅವಳ ಕೆಲಸ. ಅವಳ ಯಕೃತ್ತು ಕೆಟ್ಟು ನಿದ್ರಾಲಯಕ್ಕೆ ಸೇರಿದ ಮೇಲೆ ಅಂಗಡಿಯಲ್ಲಿ ಮಾತು ಕಡಿಮೆಯಾಯಿತು. ದರ ಇಷ್ಟು ಅನ್ನುವುದು, ಗಿರಾಕಿ ಹೆಚ್ಚಾಯಿತು ಅಂದರೆ ಇಳಿಸುವುದು, ಅಷ್ಟೇ.

ಹೊಸ ಯಕೃತ್ತು ಸಿದ್ಧವಾಗಿದೆಯೆಂದು ಸುದ್ದಿ ಬಂದ ದಿನ ದೊಡ್ಡ ಗಾಳಿಮಳೆ. ದಾವಲಸಾಬ ಕೈ ಒರೆಸಿಕೊಂಡು, ಒಂದು ಸಲ ದೇವರನ್ನು ನೆನೆದು, ಗುಂಡಿ ಒತ್ತಿದ. ಬೆಳಕು ಹತ್ತಿ ಹಿಗ್ಗುತ್ತ ಕುಗ್ಗುತ್ತ ನಡೆಯಿತು. ಅವನು ಬಹಳ ಹೊತ್ತು ಅದರ ಮುಂದೆ ಕುಳಿತ.

ಅಂದಿನಿಂದ ಅವನ ಊಟ, ಚಹಾ ಎಲ್ಲ ಅದರ ಮುಂದೆಯೇ ಆಯಿತು. ಹೊಲಿಯುವ ಕೆಲಸವನ್ನೂ ಅಂಗಡಿಯಿಂದ ಒಳಗಿನ ಕೋಣೆಗೆ ತಂದುಕೊಂಡ. ಆ ಬೆಳಕು ಪೆಟ್ಟಿಗೆಯಲ್ಲಿ ಮಲಗಿರುವ ಮಾಬೂಬಿಯ ಉಸಿರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ಹಾಗೆ ತಿಳಿದುಕೊಂಡಿದ್ದ.

ಮಗಳು ಶಮೀಮ ಅದೇ ಊರಿನಲ್ಲಿ ಎರಡು ಓಣಿ ಆಚೆ ಇದ್ದಳು. ಮಳೆಗಾಲ ಮುಗಿದು ಚಳಿ ಬಿದ್ದಾಗ ಒಂದು ದಿನ ಅಂದಳು:

“ಅಪ್ಪಾ, ಭಾಳ ದಿನಾ ಆತು. ಹುಬ್ಬಳ್ಳಿಗೆ ಹೋಗಿ ಕೇಳೂನೇನು?”

“ಕೇಳೂದೇನೈತಿ? ನಡದೈತಲ್ಲ.”

“ಹಿಂದ ಲಕ್ಷ್ಮೇಶ್ವರದವರದು ಇಷ್ಟು ತಡಾ ಆಗಿರಲಿಲ್ಲ.”

“ಸರದಿ ಇರ್ತೈತವಾ. ನಡುವ ಹೋಗಿ ಕೈ ಹಾಕಿದರ ಹಿಂದ ಬೀಳ್ತೈತಿ ಅಂತಾರ. ಇಳಕಲ್ಲಿನಾಕಿದು ಕೇಳಿಲ್ಲೇನು?”

ಶಮೀಮ ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತು ತಂದೆಯ ಪಕ್ಕದಲ್ಲಿ ಕುಳಿತು ತಾನೂ ಬೆಳಕು ನೋಡಿದಳು. ನೋಡುತ್ತ ನೋಡುತ್ತ ಅವಳಿಗೂ ಅವಸರವೇನಿಲ್ಲ ಅನಿಸಿತು.

*

ಅಂಗ ಬೆಳೆಸುವ ವಿಭಾಗದ ಡಾಕ್ಟರ್ ಪದ್ಮಜಾ ಶಿರೂರ ಒಂದು ದಿನ ಊಟದ ಕೋಣೆಯಲ್ಲಿ ಮುಕ್ತಾಳ ಎದುರಿಗೆ ಕುಳಿತರು. ಅವರ ಮುಖದಲ್ಲಿ ಬೇಸರವಿತ್ತು.

“ಇವತ್ತ ಮತ್ತೊಂದು ಲಿವರ್ ತಗದು ಹಾಕಿದ್ವಿ. ಬೆಳಸೂದು ಬೆಳಸ್ತೀವಿ, ಮನಿಯವರು ಕೇಳೂದ ಇಲ್ಲ. ಎಂಥಾ ಮಂದಿನೋ ಏನೋ.”

“ನೆನಪು ಮಾಡಿ ಕಳಸೂದಿಲ್ಲೇನ್ರಿ?”

“ಕಳಸ್ತೀವಿ. ಫಲಕಕ್ಕ ಹೋಗ್ತೈತಿ. ಒಂದಕ್ಕೂ ಉತ್ತರ ಇಲ್ಲ.”

ಮುಕ್ತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಗುಂಡಿ ಒತ್ತಿಯಾದ ಫಲಕ ಅಂಥ ಸಂದೇಶಗಳನ್ನು ತೋರಿಸುವುದಿಲ್ಲ. ಒತ್ತಿದವರಿಗೆ ಮತ್ತೆ ನೆನಪಿಸಿ ಗಾಬರಿ ಮಾಡಬಾರದು ಎಂದು ಅವಳೇ ಹಾಗೆ ಮಾಡಿದ್ದಳು.

“ಯಾರದ್ರಿ ಆ ಲಿವರ್?”

“ಬೆಟಗೇರಿ. ಮಾಬೂಬಿ ನದಾಫ.”

ಮೇಜಿಗೆ ಹಿಂದಿರುಗಿ ಮುಕ್ತಾ ಬೆಟಗೇರಿಯ ಫಲಕವನ್ನು ದೂರದಿಂದಲೇ ತೆರೆದು ನೋಡಿದಳು. ಗುಂಡಿ ಒತ್ತಿದ್ದರು. ಬೆಳಕು ಉರಿಯುತ್ತಿತ್ತು. ಯಂತ್ರದಲ್ಲಿ ಹುಡುಕಿದಳು. ಅಲ್ಲಿ ಆ ಹೆಸರಿನಲ್ಲಿ ಒಂದೂ ವಿನಂತಿ ಬಂದಿರಲಿಲ್ಲ. ಗುಂಡಿ ಒತ್ತಿದ ದಿನದ ಗಾಳಿಮಳೆಗೆ ಗದಗಿನ ಕಡೆಯ ಸಂಕೇತ ಗೋಪುರ ಬಿದ್ದು ಅರ್ಧ ದಿನ ಸಂಪರ್ಕವಿರಲಿಲ್ಲ. ವಿನಂತಿ ಫಲಕದಿಂದ ಹೊರಟು ಎಲ್ಲಿಯೂ ತಲುಪದೆ ಹೋಗಿತ್ತು.

ಅವಳು ಉಳಿದ ಫಲಕಗಳನ್ನೂ ನೋಡತೊಡಗಿದಳು. ಬೆಳಕು ಉರಿಯುತ್ತಿದ್ದು ವಿನಂತಿ ಬಾರದಿದ್ದ ಮನೆಗಳು ಇನ್ನೂ ಸಿಕ್ಕವು. ಆಲೂರು, ಮುಂಡರಗಿ, ರೋಣ, ಕುಷ್ಟಗಿ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಇಪ್ಪತ್ತು ದಾಟಿತ್ತು. ತನಗೆ ಭಯವಾಗಬೇಕು ಎಂದು ಅವಳಿಗೆ ಗೊತ್ತಿತ್ತು. ಆಗಲಿಲ್ಲ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು.

ಗಲಗಲಿ ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇವನ್ನೆಲ್ಲಾ ಇಲ್ಲಿಂದನ ಯಂತ್ರಕ್ಕ ಹಾಕ್ರಿ. ಇವತ್ತ ಬಂದಾವ ಅಂತ ಆಗ್ತದ. ಅಂಗ ಇನ್ನೂ ಚಲೋ ಇದ್ದವರಿಗೆ ಏನೂ ಫರಕ ಬೀಳೂದಿಲ್ಲ. ಅವರಿಗೆ ಗೊತ್ತೂ ಆಗೂದಿಲ್ಲ.”

“ಅಂಗ ಕೆಟ್ಟು ಹೋದವರದು? ಬೆಟಗೇರಿದು?”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಇನ್ನೊಂದು ಬೆಳಸಲಿಕ್ಕೆ ಹಚ್ಚೋಣ. ಅಲ್ಲೀ ತನಕ ಆಕಿ ತಡದರ ಚಲೋ. ತಡೀಲಿಲ್ಲಂದರ, ತಡೀಲಿಲ್ಲ ಅಂತ ಹೇಳೋಣ. ಈಗ ಹೋಗಿ ಹೇಳಿದರ ಆ ಮನುಷ್ಯಾಗ ಏನು ಸಿಗ್ತದ, ಹೇಳ್ರಿ. ಬೆಳಕು ನಡೀಲಿ ಬಿಡ್ರಿ.”

ಮುಕ್ತಾ ಅಂದು ಸಿಕ್ಕ ವಿನಂತಿಗಳನ್ನೆಲ್ಲ ಒಂದೊಂದಾಗಿ ಯಂತ್ರಕ್ಕೆ ಹಾಕಿ, ಒಂದೊಂದೂ ತಲುಪಿತೆಂದು ಕಣ್ಣಾರೆ ನೋಡಿ ಮನೆಗೆ ಹೋದಳು. ಮನೆಯಲ್ಲಿ ಗಂಡ ಶ್ರೀಶೈಲ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದ. ಹೈಸ್ಕೂಲು ಮಾಸ್ತರನಾದ ಅವನು ಹುಬ್ಬಳ್ಳಿಗೇ ವರ್ಗ ಕೇಳಿ ಮುಂದಿನ ವರ್ಷದ ಹೊತ್ತಿಗೆ ಆಗಬಹುದೆಂದು ಕಾಯುತ್ತಿದ್ದ. ವಾರವಿಡೀ ಕುಂದಗೋಳಕ್ಕೆ ಹೋಗಿಬರುವುದು ಅವನಿಗೆ ರೂಢಿಯಾಗಿತ್ತು. ಅವನ ಫೋನು ಮೇಜಿನ ಮೇಲೆ ನಿಂತಿತ್ತು, ಅದರಲ್ಲಿ ಹಳದಿ ಬೆಳಕು ಹಿಗ್ಗಿ ಕುಗ್ಗುತ್ತಿತ್ತು.

ಅವಳು ನಡೆದದ್ದನ್ನು ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

“ನಿಮ್ಮ ವರ್ಗದ್ದೂ ಹಂಗ ಇರಬಹುದು. ನಾಳೆ ಆಫೀಸಿಗೆ ಹೋಗಿ ಕೇಳ್ರಿ,” ಎಂದಳು ಮುಕ್ತಾ.

“ಕೇಳಿದರಾತು,” ಎಂದ ಶ್ರೀಶೈಲ. ಮತ್ತೆ ಪೆನ್ನು ತೆಗೆದುಕೊಂಡ. “ಖರೇ ಹೇಳಬೇಕಂದರ, ಇದು ಸುಳ್ಳ ಇರಬಹುದು ಅಂತ ನನಗೂ ಒಂದೆರಡು ಸಲ ಅನಿಸಿತ್ತು. ಆದರೂ ನೋಡಿದರ ಒಂಥರಾ ಸಮಾಧಾನ ಆಗ್ತೈತಿ.”

*

ಮುಕ್ತಾ ಗಲಗಲಿಯವರಿಗೆ ರಜೆ ಎಂದು ಹೇಳಿ ಬಸ್ಸಿನಲ್ಲಿ ಬೆಟಗೇರಿಗೆ ಹೋದಳು. ದಾವಲಸಾಬ ನೆಲದ ಮೇಲೆ ಕುಳಿತು ದಬ್ಬಣದಿಂದ ಗಾದಿಯ ಅಂಚು ಹೊಲಿಯುತ್ತಿದ್ದ. ನಿದ್ರಾಲಯದಿಂದ ಬಂದಿದ್ದೇನೆ ಎಂದಾಗ ಅವನು ಎದ್ದು ಕುರ್ಚಿ ಒರೆಸಿದ.

“ಬರ್ರಿ ಬಾಯೀ. ಸರದಿ ಬಂತೇನ್ರಿ?”

“ಇಲ್ಲ ಕಾಕಾ. ನೀವು ಕುಂದರ್ರಿ.”

ಅವನು ಕುಳಿತ. ದಬ್ಬಣ ಕೈಯಲ್ಲೇ ಇತ್ತು.

“ನೀವು ಒತ್ತಿದ್ದು ನಮಗ ಮುಟ್ಟೇ ಇಲ್ಲ. ಆ ದಿನಾ ಗೋಪುರ ಬಿದ್ದಿತ್ತು.”

ಅವನು ಗೋಡೆಯ ಕಡೆ ನೋಡಿದ. “ಉರಿಯಾಕತ್ತೈತಲ್ಲ.”

“ಅದು ಸುಮ್ಮನ ಉರೀತೈತಿ. ಮುಟ್ಟಿದರೂ ಉರೀತೈತಿ, ಮುಟ್ಟದಿದ್ದರೂ ಉರೀತೈತಿ. ಹಂಗ ಮಾಡಿದಾಕಿ ನಾನು.”

“ಇದು ಆಕಿ ಉಸಿರಲ್ಲೇನು?”

“ಅಲ್ಲರಿ.”

“ಮತ್ತ ಯಾರದು?”

“ಯಾರದೂ ಅಲ್ಲ.”

ದಾವಲಸಾಬ ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದ. ಮೂಲೆಯವರೆಗೆ ಹೊಲಿದು, ಗಂಟು ಹಾಕಿ, ದಾರ ಕತ್ತರಿಸಿದ. ಮುಕ್ತಾ ಕಾದಳು.

“ಬೆಳಸಿದ್ದು ಏನಾತು?”

“ಕೆಟ್ಟು ಹೋತು. ತಗದು ಹಾಕ್ಯಾರ.”

“ಹೂಂ.”

ಅವಳು ಉಳಿದದ್ದನ್ನೂ ಹೇಳಿದಳು. ಇನ್ನೊಂದು ಬೆಳೆಸಬಹುದು, ಆದರೆ ಅಷ್ಟು ತಿಂಗಳು ಮಾಬೂಬಿಯ ದೇಹ ತಂಪಿನಲ್ಲಿ ತಡೆಯುವುದು ಅನುಮಾನ. ಬಹುಶಃ ನಿದ್ದೆಯಲ್ಲೇ ಹೋಗುತ್ತಾಳೆ. ಇಲ್ಲವೆಂದರೆ ಈಗಲೇ ಇದ್ದ ಹಾಗೆಯೇ ಎಬ್ಬಿಸಬಹುದು. ಎಚ್ಚರವಾಗುತ್ತದೆ, ಮಾತಾಡುತ್ತಾಳೆ. ಆದರೆ ಕೆಲವು ದಿನ ಮಾತ್ರ.

ದಾವಲಸಾಬ ಶಮೀಮಳನ್ನು ಕರೆಸಿದ. ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ತಂದೆಗೆ ಮಾತ್ರ ಹೇಳಿದಳು:

“ಎಬ್ಬಸೂದು ಬ್ಯಾಡಪ್ಪಾ. ಎದ್ದು ಕೇಳಿದರ ಏನಂತ ಹೇಳ್ತಿ? ಅವ್ವ ಏನಂತಾಳ?”

“ಏನ್ ಅನ್ನೂದೈತೋ ಅದನ್ನ ಅಂತಾಳ,” ಎಂದ ದಾವಲಸಾಬ. “ಅನ್ಲಿ.”

ಮುಕ್ತಾ ಫಲಕವನ್ನು ಸರಿಮಾಡಿಕೊಡುತ್ತೇನೆ, ಇಲ್ಲಿಂದಲೇ ಮತ್ತೆ ಒತ್ತಬಹುದು ಎಂದಳು. ಅವನು ಬೇಡವೆಂದ. ಅಂಗಿ ಬದಲಿಸಿ, ಅವಳ ಜೊತೆಗೇ ಹುಬ್ಬಳ್ಳಿಯ ಬಸ್ಸು ಹತ್ತಿದ. ನಿದ್ರಾಲಯದಲ್ಲಿ ಅವನು ಡಾಕ್ಟರ್ ಶಿರೂರರ ಮುಂದೆ ನಿಂತು ಹೆಂಡತಿಯನ್ನು ಎಬ್ಬಿಸಿರಿ ಎಂದು ಹೇಳಿದ. ಹೇಳಿ, “ಮುಟ್ಟಿತೇನ್ರಿ?” ಎಂದು ಕೇಳಿದ.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, “ಮುಟ್ಟಿತು,” ಎಂದರು.

*

ದೇಹವನ್ನು ಬೆಚ್ಚಗೆ ಮಾಡುವುದು ತಂಪಾಗಿಸುವುದಕ್ಕಿಂತ ನಿಧಾನದ ಕೆಲಸ. ಆ ದಿನಗಳಲ್ಲಿ ಮುಕ್ತಾ ಯಾರನ್ನೂ ಕೇಳದೆ ಗದಗ ಜಿಲ್ಲೆಯ ಫಲಕಗಳನ್ನು ಬದಲಿಸಿದಳು. ಮರುಸಂಕೇತ ಬರುವವರೆಗೆ ಬೆಳಕಿಲ್ಲ. ‘ಇನ್ನೂ ತಲುಪಿಲ್ಲ’ ಎಂಬ ಕಪ್ಪು ಅಕ್ಷರ ಮಾತ್ರ. ತಾಸಿನೊಳಗೆ ತಲುಪದಿದ್ದರೆ ‘ತಲುಪಲಿಲ್ಲ, ಮತ್ತೆ ಒತ್ತಿ’ ಎಂದು ಬರುತ್ತಿತ್ತು.

ಫೋನುಗಳು ಬರತೊಡಗಿದವು. ‘ಇನ್ನೂ ತಲುಪಿಲ್ಲ’ ಎಂಬುದನ್ನು ನೋಡಿ ಒಬ್ಬ ಮುದುಕಿಗೆ ಎದೆ ಹಿಡಿದುಕೊಂಡಿತು. ನರಗುಂದದವರು ನಾಲ್ಕೈದು ಮಂದಿ ಗಾಡಿ ಮಾಡಿಕೊಂಡು ಬಂದು, ತಮ್ಮ ಬೆಳಕು ಯಾಕೆ ಕಿತ್ತುಕೊಂಡಿರಿ ಎಂದು ಗಲಗಲಿಯವರನ್ನು ಕೇಳಿದರು. ಗಲಗಲಿ ಮುಕ್ತಾಳನ್ನು ಬಯ್ಯಲಿಲ್ಲ. ಅವರನ್ನು ಅವಳ ಮೇಜಿಗೇ ಕರೆತಂದರು. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು, ಬೆಟಗೇರಿಯ ಸಂಗತಿಯನ್ನೂ ಹೇಳಿದಳು. ಅವರು ಕೇಳಿಸಿಕೊಂಡರು.

“ಅದೆಲ್ಲಾ ಖರೇರಿ,” ಎಂದ ಅವರಲ್ಲಿ ಹಿರಿಯ. “ಆದರ ಮೊದಲಿಂದು ಇದ್ದಾಗ ನಿದ್ದಿ ಬರತಿತ್ತು.”

ವಾರ ತುಂಬುವ ಮೊದಲೇ ಮೇಲಿನಿಂದ ಆದೇಶ ಬಂದು ಹಳೆಯ ಬೆಳಕು ಮರಳಿತು. ಅದನ್ನು ಮರಳಿ ಹಾಕಿದವಳೂ ಮುಕ್ತಾಳೇ. ಅದಾದ ಮೇಲೆ ದಿನಾ ಮುಂಜಾನೆ, ಬೇರೆ ಕೆಲಸಕ್ಕೆ ಕೈಹಾಕುವ ಮೊದಲು, ಬೆಳಕು ಹೊಸದಾಗಿ ಹತ್ತಿದ ಮನೆಗಳಿಗೆ ಅವಳು ಒಂದೊಂದಾಗಿ ಫೋನು ಮಾಡತೊಡಗಿದಳು. ನಿಮ್ಮದು ನಮಗೆ ಮುಟ್ಟಿದೆ ಎಂದೋ, ಮುಟ್ಟಿಲ್ಲ, ನಾನೇ ಹಾಕುತ್ತೇನೆ ಎಂದೋ ಹೇಳುತ್ತಿದ್ದಳು. ಹೆಚ್ಚಿನವರು, “ಬೆಳಕು ನಡದೈತಲ್ರೀ,” ಎಂದು ಫೋನು ಇಟ್ಟುಬಿಡುತ್ತಿದ್ದರು. ಅವಳು ಮುಂದಿನ ಮನೆಗೆ ಹಚ್ಚುತ್ತಿದ್ದಳು.

*

ಮಾಬೂಬಿಗೆ ಎಚ್ಚರವಾದದ್ದು ಒಂದು ಗುರುವಾರ ಮುಂಜಾನೆ. ಮೊದಲು ನೀರು ಕೇಳಿದಳು. ಶಮೀಮ ಚಮಚದಿಂದ ಕುಡಿಸಿದಳು. ಮುಕ್ತಾ ಬಾಗಿಲ ಹತ್ತಿರ ನಿಂತಿದ್ದಳು. ಹೊರಗೆ ಹೋಗಬೇಕೋ ಇರಬೇಕೋ ತಿಳಿಯದೆ ನಿಂತೇ ಇದ್ದಳು. ಮಾಬೂಬಿಯ ಕಣ್ಣುಗಳು ಹಳದಿಯಾಗಿದ್ದವು, ಆದರೆ ನೋಟ ಚುರುಕಾಗಿತ್ತು. ಗಂಡನನ್ನು ನೋಡಿದಳು.

“ಹೊಸಾದು ಕೂಡಿಸಿದ್ರೇನು?”

“ಇಲ್ಲ,” ಎಂದ ದಾವಲಸಾಬ.

“ಯಾಕ?”

“ನಾ ಕೇಳಿದ್ದು ಅವರಿಗೆ ಮುಟ್ಟಲಿಲ್ಲ. ಮುಟ್ಟೈತಿ ಅಂತ ತಿಳದು ಕುಂತೆ.”

“ಮತ್ತೊಮ್ಮೆ ಕೇಳಲಿಲ್ಲ?”

“ಇಲ್ಲ.”

“ಈಕಿನೂ ಕೇಳಲಿಲ್ಲ?”

“ಈಕಿ ಅಂದಳು. ನಾನ ಬ್ಯಾಡಂದೆ.”

ಮಾಬೂಬಿ ಛಾವಣಿ ನೋಡುತ್ತ ಮಲಗಿದಳು. ಶಮೀಮ ಚಮಚ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡಿದ್ದಳು.

“ಎಷ್ಟು ದಿನಾ ಅಂತ ಹೇಳ್ಯಾರ?”

“ಸ್ವಲ್ಪ ದಿನಾ.”

“ನಾನಾಗಿದ್ದರ ಈ ಬಾಗಲಾ ಒಡದು ಕೇಳತಿದ್ದೆ,” ಎಂದಳು ಅವಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದ ಸಂಗತಿಯನ್ನು ಹೇಳಿದಂತಿತ್ತು.

“ಹೂಂ,” ಎಂದ ದಾವಲಸಾಬ. “ನೀ ಕೇಳತಿದ್ದಿ.”

ಆಮೇಲೆ ಅವಳು ಬೆನ್ನು ನೋಯುತ್ತದೆ, ಗಾದಿ ಸರಿಯಿಲ್ಲ ಎಂದಳು. ಅವನು ಹೊರಗೆ ಹೋಗಿ ನರ್ಸಿಗೆ ಬೇರೆ ಗಾದಿ ಬೇಕೆಂದು ಹೇಳಿದ. ಹೇಳುತ್ತೇನೆ, ಹೋಗಿ ಕುಳಿತುಕೊಳ್ಳಿ ಎಂದಳು ನರ್ಸು. ಅವನು ಹೋಗಲಿಲ್ಲ. ಗಾದಿಗಳನ್ನು ಎಲ್ಲಿ ಇಡುತ್ತಾರೆ ಎಂದು ಕೇಳಿಕೊಂಡು, ಕೆಳಗಿನ ಕೋಣೆಗೆ ಹೋಗಿ, ಒಂದೊಂದನ್ನೂ ಒತ್ತಿ ನೋಡಿ ಒಂದನ್ನು ಆರಿಸಿ ಹೆಗಲ ಮೇಲೆ ಹೊತ್ತು ತಂದ. ಮುಕ್ತಾ, ಶಮೀಮ ಇಬ್ಬರೂ ಸೇರಿ ಮಾಬೂಬಿಯನ್ನು ಎತ್ತಿ ಹಿಡಿದರು. ಅವಳಲ್ಲಿ ಏನೂ ಭಾರವಿರಲಿಲ್ಲ.

ಮಲಗಿಸಿದ ಮೇಲೆ ಅವಳು ಗಂಡನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

“ಇರ್ಲಿ. ನಾ ಇಲ್ಲದಾಗ ಏನೇನಾತು, ಅದನ್ನಾದರೂ ಹೇಳು.”

ದಾವಲಸಾಬ ಬಾಯಿ ತೆರೆದ. ಒಂದು ಇಡೀ ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿ. ಓಣಿಯಲ್ಲಿ ಯಾರದೋ ಮದುವೆಯಾಗಿತ್ತು, ಯಾರದು ಎಂದು ನೆನಪಾಗಲಿಲ್ಲ. ಯಾರೋ ಸತ್ತಿದ್ದರು. ಗಾದಿಗಳನ್ನು ಹೊಲಿದಿದ್ದ, ಯಾರು ಒಯ್ದರೋ ತಿಳಿಯಲಿಲ್ಲ. ಅವನು ನೆನಪು ಮಾಡಿಕೊಳ್ಳುತ್ತ ಕುಳಿತ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು.

“ಏನೂ ಆಗಲಿಲ್ಲ,” ಎಂದ ಕೊನೆಗೆ.

ಮಾಬೂಬಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಶಮೀಮಳ ಕಡೆ ತಿರುಗಿದಳು.

“ನನ್ನ ಮನೀಗೆ ಕರಕೊಂಡು ಹೋಗ್ರಿ,” ಎಂದಳು. “ನಾನ ನೋಡ್ತೀನಿ.”

ಮರುದಿನ ಅವಳನ್ನು ಬೆಟಗೇರಿಗೆ ಕರೆದುಕೊಂಡು ಹೋದರು. ಅವಳು ಬಾಗಿಲಿಗೆ ಹಾಸಿಗೆ ಹಾಕಿಸಿಕೊಂಡು, ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕರೆದು, ಏನಾಯಿತು ಏನಾಯಿತು ಎಂದು ಕೇಳಿದಳು. ಮೊದಲ ದಿನ ಜನ ಬಂದು ನಿಂತು ಹೇಳಿದರು. ಎರಡನೆಯ ದಿನವೂ ಬಂದರು. ಅವಳ ದನಿ ಸಣ್ಣದಾಗುತ್ತ ಹೋದ ಮೇಲೆ, ಅವಳು ಯಾರನ್ನು ಏನು ಕೇಳುತ್ತಾಳೆಂಬುದನ್ನು ದಾವಲಸಾಬ ಬಗ್ಗಿ ಕೇಳಿಸಿಕೊಂಡು, ಎದ್ದು ಹೋಗಿ ಅವರ ಮನೆಯ ಬಾಗಿಲಿಗೆ ನಿಂತು ಕೇಳಿ, ಉತ್ತರ ತಂದು ಅವಳ ಕಿವಿಯಲ್ಲಿ ಹೇಳತೊಡಗಿದ.